ಒದ್ದೆ ಗೋಡೆಗೆ ಬಣ್ಣ ಬೇಡ ಮಗಳೇ

ಮಗಳೇ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಪ್ಲಾಸ್ಟರಿಂಗ್ ಮುಗಿದು ಹತ್ತು ದಿನ ಆಯಿತು, ನಾಳೆಯೇ ಗೋಡೆ ನುಣುಪು ಮಾಡುವ ಪುಟ್ಟಿ ಹಚ್ಚಿ ಬಣ್ಣ ಶುರು ಮಾಡುತ್ತೇನೆ ಅನ್ನುತ್ತಿದ್ದಾನೆ ಪೇಂಟರ್, ಒಪ್ಪಲಾ ದೊಡ್ಡಮ್ಮ ಅಂತ ಕೇಳಿದ್ದೀಯ. ಒಪ್ಪಬೇಡ. ಒದ್ದೆ ಗೋಡೆಗೆ ಬಣ್ಣ ಹಚ್ಚಿಸಬೇಡ.

ನಮ್ಮ ಮೇಲಿನ ರೂಮಿನ ಗೋಡೆ ನೀವೆಲ್ಲ ನೋಡಿದ್ದೀರಿ. ಅದೇ, ಈಗ ಬೀರು ಅಡ್ಡ ಇಟ್ಟಿದ್ದೇವಲ್ಲ, ಅದು. ಆಗ ಕಾಂಟ್ರಾಕ್ಟರ್‌ಗೆ ಬಿಲ್ ಮುಗಿಸಿಕೊಳ್ಳುವ ಅವಸರ. ಅಂಗೈ ಇಟ್ಟರೆ ಗೋಡೆ ತಣ್ಣಗಿತ್ತು, ಮೂಲೆಗಳು ಇನ್ನೂ ಕಪ್ಪಗಿದ್ದವು. ನಾನು ಬೇಡ ಅಂದೆ. ನಿಮ್ಮ ದೊಡ್ಡಪ್ಪನ ಸ್ವಭಾವ ಗೊತ್ತಲ್ಲ, "ಅವನು ಕೆಲಸ ಬಲ್ಲವನು, ನೀನು ಸುಮ್ನಿರು" ಅಂದರು. ಅದರ ಮೇಲೆ ಆಯಿಲ್ ಪೇಂಟ್ ಬೇರೆ, ಒರೆಸಲು ಸುಲಭ ಅಂತ. ಆ ಪೇಂಟ್ ಒಣಗಲೇ ಇಲ್ಲ. ಬೆರಳಿಟ್ಟರೆ ಅಂಟುತ್ತಿತ್ತು, ಅಲ್ಲಲ್ಲಿ ಕಂದು ಜಿಗುಟು ಇಳಿಯಿತು. ಆಮೇಲೆ ಗುಳ್ಳೆ ಎದ್ದವು. ಒಂದನ್ನು ಹೆಬ್ಬೆರಳಿನಿಂದ ಒತ್ತಿದೆ, ಒಳಗಿಂದ ನೀರು, ಹಿಂದೆ ಬಿಳಿ ಉಪ್ಪು. ಹೊಸ ಸಿಮೆಂಟಿನಲ್ಲಿ ಕ್ಷಾರ ಜಾಸ್ತಿ. ತೇವದ ಜೊತೆ ಅದು ಆಯಿಲ್ ಪೇಂಟಿನ ಎಣ್ಣೆಗೆ ತಾಗಿದರೆ ಎಣ್ಣೆ ಸೋಪೇ ಆಗಿಬಿಡುತ್ತದೆ. ಕೊನೆಗೆ ಪೂರ್ತಿ ಕೆರೆಸಬೇಕಾಯಿತು.

ಹಾಗಾಗಿ ಮತ್ತೆ ಹೇಳುತ್ತೇನೆ, ಅವನು ಎಷ್ಟೇ ಅವಸರ ಮಾಡಲಿ, ಒದ್ದೆ ಗೋಡೆಗೆ ಬಣ್ಣ ಬೇಡ.

ನನಗೆ ಇವತ್ತಿಗೂ ಬೇಜಾರಿರುವುದು ಬೇರೆ ವಿಷಯಕ್ಕೆ. ಆ ಕಾಂಟ್ರಾಕ್ಟರ್ ಬಂದು ನೋಡಿ ಏನು ಹೇಳಿದ ಗೊತ್ತಾ? ಅಮ್ಮನವರು ರೂಮಿನಲ್ಲಿ ಬಟ್ಟೆ ಒಣಹಾಕಿದ್ದಾರೆ, ಅದಕ್ಕೇ ತೇವ ಬಂದಿದೆ ಅಂತ. ಮನೆಯಲ್ಲಿ ಎಲ್ಲರೂ ತಲೆ ಆಡಿಸಿದರು! ಬೇಡ ಅಂದವಳು ನಾನು, ಬೈಸಿಕೊಂಡವಳೂ ನಾನು. ನಿಮ್ಮ ಚಿಕ್ಕಪ್ಪ ಈಗಲೂ ಆ ಬೀರು ನೋಡಿದರೆ ಬಟ್ಟೆ ಮಾತು ಎತ್ತುತ್ತಾನೆ. ಅವನೂ ಈ ಗ್ರೂಪಿನಲ್ಲಿದ್ದಾನೆ, ಕೇಳಿಸಿಕೊಳ್ಳಲಿ.

ಅಯ್ಯೋ, ನೀನು ಏನು ಮಾಡಬೇಕು ಅಂತ ಹೇಳಲೇ ಇಲ್ಲ ಅಲ್ವಾ. ಕ್ಯೂರಿಂಗ್‌ಗೆ ಅಂದರೆ ಪ್ಲಾಸ್ಟರ್ ಗಟ್ಟಿಯಾಗಲಿ ಅಂತ ನೀರು ಹೊಡೆಯುವುದು ಮುಗಿದ ಮೇಲೆ ಕಡಿಮೆ ಅಂದರೂ 28 ದಿನ ಬಿಡು. ಮಳೆ, ಚಳಿ ಇದ್ದರೆ ಇನ್ನೂ ಜಾಸ್ತಿ. ಕಿಟಕಿ ತೆರೆದಿಡು. ಆಮೇಲೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸು. ಒಂದಿಡೀ ದಿನ ಬಿಟ್ಟು ತೆಗೆ. ಒಳಗೆ ಬೆವರಿದ ಹಾಗಿದ್ದರೆ, ಇಲ್ಲಾ ಆ ಜಾಗ ಕಪ್ಪಾಗಿದ್ದರೆ, ಇನ್ನೂ ಕಾಯಬೇಕು. ಬಿಳಿ ಉಪ್ಪು ಎದ್ದಿದ್ದರೆ ಒಣ ಬ್ರಷ್‌ನಲ್ಲಿ ಉಜ್ಜಿಸು, ನೀರು ಹಾಕಿ ತೊಳೆಸಬೇಡ, ಕರಗಿ ಮತ್ತೆ ಒಳಗೇ ಹೋಗುತ್ತದೆ.

ಸಿಮೆಂಟ್ ಪುಟ್ಟಿಗೆ ಗೋಡೆ ಒದ್ದೆ ಮಾಡಲೇಬೇಕಲ್ಲ ಮೇಡಂ ಅಂತ ಪೇಂಟರ್ ವಾದಿಸುತ್ತಾನೆ, ನೋಡುತ್ತಿರು. ಹಚ್ಚುವಾಗ ಮೇಲೆ ನೀರು ಚಿಮುಕಿಸುವುದು ಬೇರೆ, ಗೋಡೆಯೊಳಗೆ ನೀರು ಕೂತಿರುವುದು ಬೇರೆ. ಪುಟ್ಟಿ ತೆಳ್ಳಗೆ ಎರಡು ಕೋಟ್ ಸಾಕು. ಒಣಗಿದ ಮೇಲೆ ಎಮರಿ ಪೇಪರ್ ಉಜ್ಜಿ, ಧೂಳು ಪೂರ್ತಿ ಒರೆಸಿಯೇ ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲು ಹಚ್ಚುವ ತಳದ ಕೋಟ್. ಆ ಪ್ರೈಮರ್ ಕ್ಷಾರ ತಡೆಯುವಂಥದ್ದೇ ಆಗಿರಬೇಕು. ಗೊತ್ತಾಗದಿದ್ದರೆ ಡಬ್ಬಿ ಫೋಟೋ ಇಲ್ಲೇ ಹಾಕು, ನೋಡಿ ಹೇಳುತ್ತೇನೆ.