ಜರ್ಮನಿಗೆ ಹೊರಟಿದ್ದೀನಿ, ಇಲ್ಲಿನ ಬ್ಯಾಂಕ್ ಅಕೌಂಟ್‌ಗಳನ್ನ ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಮೈಸೂರು. ಕಂಪನಿಯವರು ಮೂರು ವರ್ಷದ ಮಟ್ಟಿಗೆ ಮ್ಯೂನಿಕ್‌ಗೆ ಕಳಿಸ್ತಿದ್ದಾರೆ, ಸಂಬಳ ಅಲ್ಲಿನ ಪೇರೋಲ್‌ನಲ್ಲಿ ಯೂರೋದಲ್ಲೇ ಬರುತ್ತೆ. ಇಲ್ಲಿ ಎರಡು ಸೇವಿಂಗ್ಸ್ ಅಕೌಂಟ್, ಒಂದಷ್ಟು ಎಫ್‌ಡಿ, ಒಂದು ಪಿಪಿಎಫ್ ಇದೆ. ಕುವೆಂಪುನಗರದ ಮನೆ ಮೇಲೆ ಲೋನ್ ಇದೆ, ಅದನ್ನ ಬಾಡಿಗೆಗೆ ಕೊಟ್ಟು ಹೋಗೋಣ ಅಂತ. ಸ್ನೇಹಿತರು "ಮೂರೇ ವರ್ಷ ತಾನೆ, ಬ್ಯಾಂಕಿಗೆ ಏನೂ ಹೇಳೋಕೆ ಹೋಗ್ಬೇಡ" ಅಂತಾರೆ. ಹೇಳದಿದ್ರೆ ನಿಜವಾಗ್ಲೂ ತೊಂದರೆ ಇದೆಯಾ?

ಉತ್ತರ (ಸಿಎ): ನಮಸ್ಕಾರ. ತೊಂದರೆ ಇದೆ. ಕೆಲಸಕ್ಕೆ ಅಂತ ವಿಮಾನ ಹತ್ತಿದ ದಿನದಿಂದಲೇ ಫೆಮಾ, ಅಂದ್ರೆ ವಿದೇಶಿ ವಿನಿಮಯ ಕಾಯ್ದೆ ಪ್ರಕಾರ ನೀವು ಅನಿವಾಸಿ. ಮೂರು ವರ್ಷಕ್ಕೆ ಹೋಗ್ತೀರೋ ಮೂವತ್ತು ವರ್ಷಕ್ಕೋ ಅನ್ನೋದನ್ನ ಯಾರೂ ಕೇಳಲ್ಲ. ಅನಿವಾಸಿ ಆದವರು ಮಾಮೂಲಿ ಸೇವಿಂಗ್ಸ್ ಅಕೌಂಟ್ ಇಟ್ಕೊಳ್ಳೋ ಹಾಗಿಲ್ಲ, ಅದನ್ನ ಎನ್‌ಆರ್‌ಓ, ಅಂದ್ರೆ ಅನಿವಾಸಿಗಳು ಇಲ್ಲಿನ ಆದಾಯಕ್ಕೆ ಇಟ್ಕೊಳ್ಳೋ ಅಕೌಂಟ್ ಆಗಿ ಬದಲಾಯಿಸಬೇಕು. ಫೆಮಾದಲ್ಲಿ ದಂಡ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಎಲ್ಲರಿಗೂ ಅಷ್ಟು ಬೀಳುತ್ತೆ ಅಂತ ಹೆದರಿಸ್ತಿಲ್ಲ. ಆದ್ರೆ ಮನೆ ಮಾರಿ ದುಡ್ಡು ಆಚೆ ತಗೊಂಡು ಹೋಗೋ ದಿನ ಈ ಹಳೇ ಅಕೌಂಟ್‌ಗಳೇ ಅಡ್ಡ ಬರೋದು. ಅವತ್ತು ನಿಮ್ಮ ಸ್ನೇಹಿತರು ಜೊತೆಗಿರಲ್ಲ.

ಎರಡರಲ್ಲಿ ಒಂದು ಅಕೌಂಟ್ ಮುಚ್ಚಿಬಿಡಿ, ಇನ್ನೊಂದನ್ನ ಎನ್‌ಆರ್‌ಓ ಮಾಡಿ. ಬಾಡಿಗೆ, ಎಫ್‌ಡಿ ಬಡ್ಡಿ, ಡಿವಿಡೆಂಡ್, ಇಲ್ಲಿ ಹುಟ್ಟಿದ ದುಡ್ಡೆಲ್ಲ ಅದಕ್ಕೇ ಬರಲಿ. ಜರ್ಮನಿ ಸಂಬಳದಲ್ಲಿ ಉಳಿದದ್ದನ್ನ ಕಳಿಸೋಕೆ ಎನ್‌ಆರ್‌ಇ ಅಕೌಂಟ್ ಬೇರೆ ತೆಗೀರಿ. ಅದರಲ್ಲಿರೋ ದುಡ್ಡನ್ನ ಯಾವಾಗ ಬೇಕಾದ್ರೂ ವಾಪಸ್ ಯೂರೋ ಮಾಡ್ಕೊಂಡು ತಗೊಂಡು ಹೋಗಬಹುದು. ಎನ್‌ಆರ್‌ಓದಿಂದ ಆಚೆ ಕಳಿಸೋಕೆ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ ಇದೆ, ಜೊತೆಗೆ ತೆರಿಗೆ ಕಟ್ಟಿದ್ದಕ್ಕೆ ಕಾಗದಪತ್ರ ಕೊಡಬೇಕು. ಈಗಿರೋ ಎಫ್‌ಡಿಗಳನ್ನ ಮುರಿಯೋದು ಬೇಡ, ಬ್ಯಾಂಕಿಗೆ ಹೇಳಿದ್ರೆ ಅವನ್ನೂ ಎನ್‌ಆರ್‌ಓ ಮಾಡ್ತಾರೆ. ಪಿಪಿಎಫ್ 15 ವರ್ಷ ಮುಗಿಯೋವರೆಗೂ ನಡೆಸಬಹುದು, ಆಮೇಲೆ ಮುಂದುವರಿಸೋ ಹಾಗಿಲ್ಲ, ಹೊಸದು ತೆಗೆಯೋ ಹಾಗೂ ಇಲ್ಲ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಎನ್‌ಆರ್‌ಇ ಬಡ್ಡಿಗೆ ಟ್ಯಾಕ್ಸೇ ಇಲ್ಲ ಅಂತಾರಲ್ಲ. ಹಾಗಾದ್ರೆ ಉಳಿತಾಯ ಪೂರ್ತಿ ತಂದು ಎನ್‌ಆರ್‌ಇ ಎಫ್‌ಡಿ ಮಾಡೋದೇ ಜಾಣತನ ಅಲ್ವಾ? ಅಲ್ಲಿ ಎಫ್‌ಡಿಗೆ ಬಡ್ಡಿ ಏನೂ ಇಲ್ವಂತೆ.

ಉತ್ತರ: ಈ ಮಾತು ನನ್ನ ಹತ್ರ ಬರೋ ಪ್ರತಿಯೊಬ್ಬರ ಬಾಯಲ್ಲೂ ಇರುತ್ತೆ. ಬ್ಯಾಂಕಿನವರೂ ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿರ್ತಾರೆ. ಅರ್ಧ ಮಾತ್ರ ನಿಜ. ಟ್ಯಾಕ್ಸ್ ಇಲ್ಲದಿರೋದು ಭಾರತದಲ್ಲಿ. ಮ್ಯೂನಿಕ್‌ನಲ್ಲಿ ಮನೆ ಮಾಡ್ಕೊಂಡು ಕೂತ ಮೇಲೆ ನೀವು ಜರ್ಮನಿಯ ತೆರಿಗೆ ನಿವಾಸಿ. ಅವರು ನಿಮ್ಮ ಆದಾಯ ಪ್ರಪಂಚದ ಯಾವ ಮೂಲೆಯಲ್ಲಿ ಹುಟ್ಟಿದ್ರೂ ಲೆಕ್ಕ ಕೇಳ್ತಾರೆ. ಬಡ್ಡಿ ಮೇಲೆ ಅಲ್ಲಿ 25% ತೆರಿಗೆ, ಅದರ ಮೇಲೆ ಸಾಲಿಡಾರಿಟಿ ಸರ್‌ಚಾರ್ಜ್. ಒಬ್ಬರಿಗೆ ವರ್ಷಕ್ಕೆ 1,000 ಯೂರೋವರೆಗೆ ವಿನಾಯಿತಿ ಇದೆ. ಎನ್‌ಆರ್‌ಇ ಬಡ್ಡಿ, ಎನ್‌ಆರ್‌ಓ ಬಡ್ಡಿ ಎರಡನ್ನೂ ಅಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. "ಅವರಿಗೆ ಹೇಗೆ ಗೊತ್ತಾಗುತ್ತೆ" ಅಂತ ಕೇಳ್ಬೇಡಿ. ಸಿಆರ್‌ಎಸ್ ಅಂತ ಒಪ್ಪಂದ ಇದೆ, ಅದರಡಿ ಭಾರತ, ಜರ್ಮನಿ ಎರಡೂ ಅಕೌಂಟ್ ಮಾಹಿತಿಯನ್ನ ತಾವಾಗೇ ಹಂಚ್ಕೊಳ್ತವೆ. ಎನ್‌ಆರ್‌ಇ ತೆಗೆಯುವಾಗ ಬ್ಯಾಂಕಿನವರು ನಿಮ್ಮ ಜರ್ಮನ್ ಟ್ಯಾಕ್ಸ್ ನಂಬರ್ ಕೇಳೋದು ಇದಕ್ಕೇ.

ಇನ್ನೊಂದು, ಎನ್‌ಆರ್‌ಇ ಎಫ್‌ಡಿಯನ್ನ ಒಂದು ವರ್ಷ ತುಂಬೋ ಮುಂಚೆ ಮುರಿದ್ರೆ ಬಡ್ಡಿಯೇ ಸಿಗಲ್ಲ. ಅದು ರೂಪಾಯಿ ಡಿಪಾಸಿಟ್ ಬೇರೆ. ರೂಪಾಯಿ ಇಳಿದು, ನೀವು ವಾಪಸ್ ಯೂರೋ ಮಾಡ್ಬೇಕಾಗಿ ಬಂದ್ರೆ ಬಡ್ಡಿಯಲ್ಲಿ ಗಳಿಸಿದ್ದು ವಿನಿಮಯದಲ್ಲಿ ಹೋಗುತ್ತೆ. ಮೂರು ವರ್ಷಕ್ಕೆ ವಾಪಸ್ ಬಂದು ಇಲ್ಲೇ ಖರ್ಚು ಮಾಡೋ ದುಡ್ಡಾದ್ರೆ ಎನ್‌ಆರ್‌ಇ ಎಫ್‌ಡಿ ಸರಿ. ಅಲ್ಲೇ ಬೇಕಾಗಬಹುದು ಅನ್ನೋ ದುಡ್ಡನ್ನ ಯೂರೋದಲ್ಲೇ ಬಿಡಿ, ಬಡ್ಡಿ ಕಮ್ಮಿ ಆದ್ರೂ ಪರವಾಗಿಲ್ಲ. ಎರಡರ ನಡುವೆ ಎಫ್‌ಸಿಎನ್‌ಆರ್ ಇದೆ, ವಿದೇಶಿ ಕರೆನ್ಸಿಯಲ್ಲೇ 1ರಿಂದ 5 ವರ್ಷ ಇಡಬಹುದು.

ಪ್ರಶ್ನೆ: ಎನ್‌ಆರ್‌ಓದಲ್ಲಿ 30% ಟಿಡಿಎಸ್ ಅಂತೆ? ಬಾಡಿಗೆಗೂ ಹಿಡೀತಾರಾ?

ಉತ್ತರ: ಬಡ್ಡಿ ಮೇಲೆ ಸೆಸ್ ಸೇರಿ 31.2%. ಒಂದು ಲಕ್ಷ ಬಡ್ಡಿ ಬಂತು ಅಂದ್ರೆ 31,200 ಕಟ್ ಆಗಿ ಉಳಿದದ್ದು ಕೈಗೆ ಬರುತ್ತೆ, ಸಣ್ಣ ಮೊತ್ತಕ್ಕೂ ಬಿಡಲ್ಲ. ಭಾರತ-ಜರ್ಮನಿ ತೆರಿಗೆ ಒಪ್ಪಂದದಲ್ಲಿ ಬಡ್ಡಿಗೆ 10% ಅಂತಿದೆ. ಅದು ಬೇಕಾದ್ರೆ ಜರ್ಮನಿಯ ಫೈನಾನ್ಸ್‌ಆಮ್ಟ್‌ನಿಂದ, ಅಂದ್ರೆ ಅಲ್ಲಿನ ತೆರಿಗೆ ಕಚೇರಿಯಿಂದ, ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟ್ ತಂದು ಪ್ರತಿ ವರ್ಷ ಬ್ಯಾಂಕಿಗೆ ಕೊಡಬೇಕು. ಬಡ್ಡಿ ಕ್ರೆಡಿಟ್ ಆದ ಮೇಲೆ ಕೊಟ್ಟರೆ ಬ್ಯಾಂಕಿನವರು ಹಿಂದಿನದನ್ನ ಮುಟ್ಟಲ್ಲ, ರಿಟರ್ನ್ ಹಾಕಿ ರೀಫಂಡ್ ತಗೋಬೇಕಾಗುತ್ತೆ.

ಬಾಡಿಗೆಗೂ ಅದೇ ಕತೆ, ಮತ್ತೆ ಇಲ್ಲಿ ಹಿಡಿಯಬೇಕಾದವರು ನಿಮ್ಮ ಬಾಡಿಗೆದಾರರು. ಮಾಲೀಕರು ಅನಿವಾಸಿ ಆದ್ರೆ ಬಾಡಿಗೆ ಎಷ್ಟೇ ಕಮ್ಮಿ ಇರಲಿ, ಅವರು 31.2% ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮೈಸೂರಲ್ಲಿ ಹತ್ತಕ್ಕೆ ಒಂಬತ್ತು ಬಾಡಿಗೆದಾರರಿಗೆ ಇದು ಗೊತ್ತೇ ಇರಲ್ಲ, ಓನರ್‌ಗಳೂ ಹೇಳಲ್ಲ. ಅಗ್ರಿಮೆಂಟ್‌ನಲ್ಲೇ ಬರೆದುಬಿಡಿ. ಲೋನ್ ಬಡ್ಡಿ ಕಳೆದ್ರೆ ನಿಮಗೆ ನಿಜವಾಗಿ ಬರೋ ತೆರಿಗೆ ಅಷ್ಟಿರಲ್ಲ, ಹಾಗಾಗಿ ಕಮ್ಮಿ ದರದಲ್ಲಿ ಹಿಡಿಯೋ ಹಾಗೆ ಇಲಾಖೆಯಿಂದ ಮೊದಲೇ ಸರ್ಟಿಫಿಕೇಟ್ ತಗೊಳ್ಳೋದು ಒಳ್ಳೇದು. ಇಎಂಐ ಅನ್ನ ಎನ್‌ಆರ್‌ಓದಿಂದಲೇ ಆಟೋ ಡೆಬಿಟ್ ಹಾಕ್ಸಿ.

ಹೊರಡೋ ತಿಂಗಳೂ ಮುಖ್ಯ. ಬ್ಯಾಂಕಿನ ಮಟ್ಟಿಗೆ ಹೊರಟ ದಿನದಿಂದ ಅನಿವಾಸಿ, ಆದ್ರೆ ಇನ್‌ಕಮ್ ಟ್ಯಾಕ್ಸ್‌ನವರು ದಿನ ಎಣಿಸ್ತಾರೆ. ಆ ಆರ್ಥಿಕ ವರ್ಷದಲ್ಲಿ ಇಲ್ಲಿ 182 ದಿನಕ್ಕಿಂತ ಕಮ್ಮಿ ಇದ್ದರೆ ಅವರಿಗೂ ಅನಿವಾಸಿ. ಸೆಪ್ಟೆಂಬರ್ ಕೊನೇ ವಾರಕ್ಕೆ ಮುಂಚೆ ಹೊರಟರೆ ಸರಿಹೋಗುತ್ತೆ. ನವೆಂಬರ್‌ನಲ್ಲಿ ಹೊರಟರೆ ಮಾರ್ಚ್‌ವರೆಗಿನ ಜರ್ಮನಿ ಸಂಬಳವನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕಾಗುತ್ತೆ. ನೀವು ಯಾವ ತಿಂಗಳು ಹೊರಡ್ತಿದ್ದೀರಿ ಅಂತ ಬರೆದಿಲ್ಲ. ಕಂಪನಿ ಹತ್ರ ದಿನಾಂಕ ಚರ್ಚೆಗೆ ಜಾಗ ಇದ್ರೆ ನೋಡಿ.

ಇನ್ನೊಬ್ಬ ಸದಸ್ಯರು (ಸ್ಟುಟ್‌ಗಾರ್ಟ್‌ನಿಂದ): ಮೇಡಂ ಹೇಳಿದ್ದಕ್ಕೆ ಒಂದೆರಡು ಸೇರಿಸ್ತೀನಿ. ಇಲ್ಲಿ ಬಂದ ಮೇಲೆ ಮೊದಲು ಆನ್‌ಮೆಲ್ಡುಂಗ್, ಅಂದ್ರೆ ವಿಳಾಸ ನೋಂದಣಿ. ಅದಾದ ಮೇಲೆ ಟ್ಯಾಕ್ಸ್ ನಂಬರ್ ಪೋಸ್ಟಲ್ಲಿ ಬರುತ್ತೆ. ಸಾಂಪ್ರದಾಯಿಕ ಬ್ಯಾಂಕುಗಳು ನೋಂದಣಿ ಕಾಗದ ಕೇಳ್ತವೆ, ಮನೆ ಸಿಗದೆ ನೋಂದಣಿ ಆಗಲ್ಲ, ಮನೆ ಓನರ್ ಅಡ್ವಾನ್ಸ್ ಕೇಳ್ತಾರೆ. ಕಾನೂನು ಪ್ರಕಾರ ಅಡ್ವಾನ್ಸ್ ಅಂದ್ರೆ ಗರಿಷ್ಠ ಮೂರು ತಿಂಗಳ ಬಾಡಿಗೆ, ಹೀಟಿಂಗ್ ಖರ್ಚು ಬಿಟ್ಟು. ಮ್ಯೂನಿಕ್‌ನಲ್ಲಿ ಅದು ಸಣ್ಣ ಮೊತ್ತ ಅಲ್ಲ. ಹಾಗಾಗಿ ಮೊದಲ ಎರಡು ತಿಂಗಳ ಖರ್ಚಿಗೆ ಇಂಡಿಯಾದಿಂದಲೇ ಫಾರೆಕ್ಸ್ ಕಾರ್ಡ್‌ನಲ್ಲಿ ಯೂರೋ ತುಂಬಿಸ್ಕೊಂಡು ಬನ್ನಿ. ಏರ್‌ಪೋರ್ಟ್ ಎಟಿಎಂನಲ್ಲಿ ಇಂಡಿಯನ್ ಕಾರ್ಡ್ ಹಾಕಿದ್ರೆ "ರೂಪಾಯಿಯಲ್ಲೇ ಲೆಕ್ಕ ಹಾಕಲಾ?" ಅಂತ ಸ್ಕ್ರೀನ್ ಮೇಲೆ ಕೇಳುತ್ತೆ, ಎಷ್ಟು ರೂಪಾಯಿ ಅಂತ ದೊಡ್ಡದಾಗಿ ತೋರಿಸುತ್ತೆ. ನಮ್ಮ ದುಡ್ಡು ಕಂಡ ಖುಷಿಗೆ ಹಸಿರು ಬಟನ್ ಒತ್ಬೇಡಿ, ಯೂರೋ ಅಂತಲೇ ಆರಿಸಿ. ಆ ಲೆಕ್ಕದಲ್ಲಿ ಎಟಿಎಂನವರು ತಮ್ಮ ದರ ಹಾಕ್ತಾರೆ.

ಪ್ರಶ್ನೆ: ಸರ್, ಓಟಿಪಿ ಕತೆ ಏನು? ನಂಬರ್ ಅಲ್ಲಿ ಕೆಲಸ ಮಾಡುತ್ತಾ?

ಸ್ಟುಟ್‌ಗಾರ್ಟ್ ಸದಸ್ಯರು: ಬ್ಯಾಂಕಿಗೆ ಲಿಂಕ್ ಆಗಿರೋ ಸಿಮ್ ಬಿಡಬೇಡಿ. ಹೊರಡೋ ಮುಂಚೆ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಮನೆಯವರಿಗೆ ರೀಚಾರ್ಜ್ ನೆನಪಿಸಿ. ಒಳಗೆ ಬರೋ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ದುಡ್ಡು ಹಿಡಿಯಲ್ಲ, ಆದ್ರೆ ಫೋನ್‌ನಲ್ಲಿ ರೋಮಿಂಗ್ ಡೇಟಾ ಆಫ್ ಇರ್ಲಿ.

ಉತ್ತರ (ಸಿಎ): ಸರಿಯಾಗಿ ಹೇಳಿದ್ರಿ. ಕಾರ್ಡ್‌ನಲ್ಲಿ ವಿದೇಶಿ ಬಳಕೆಯನ್ನೂ ಆ್ಯಪ್‌ನಲ್ಲಿ ಆನ್ ಮಾಡ್ಕೋಬೇಕು. 2020ರಲ್ಲಿ ಬಂದ ಆರ್‌ಬಿಐ ನಿಯಮದಿಂದ ಹೊಸ ಕಾರ್ಡ್‌ಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರ್ತವೆ. ವಿದೇಶಿ ನಂಬರ್‌ನಲ್ಲಿ ಯುಪಿಐ ಅನ್ನ ಎನ್‌ಆರ್‌ಇ, ಎನ್‌ಆರ್‌ಓಗೆ ಕೊಟ್ಟಿದ್ದಾರೆ. 2023ರ ಮೊದಲ ಪಟ್ಟಿಯಲ್ಲಿ ಹತ್ತು ದೇಶ ಇದ್ವು, ಅಮೆರಿಕ, ಯುಎಇ, ಸಿಂಗಪುರ ಎಲ್ಲ ಇತ್ತು, ಜರ್ಮನಿ ಇರ್ಲಿಲ್ಲ.

ಪ್ರಶ್ನೆ: ಕೊನೇದು ಮೇಡಂ. ಇಲ್ಲಿನ ಬ್ಯಾಂಕ್ ಕೆಲಸಕ್ಕೆ ಅಪ್ಪನಿಗೆ ಸಹಿ ಅಧಿಕಾರ ಕೊಡಬಹುದಾ? ಅವರು ರಿಟೈರ್ಡ್ ಮೇಷ್ಟ್ರು. ಅಮ್ಮನ ಜೊತೆ ಆರು ತಿಂಗಳು ನಮ್ಮ ಹತ್ರ ಬಂದಿರೋ ಯೋಚನೆಯೂ ಇದೆ, ಪೆನ್ಷನ್ ನಿಲ್ಲಲ್ಲ ತಾನೆ?

ಉತ್ತರ: ಎನ್‌ಆರ್‌ಓಗೆ ಅವರನ್ನ ಮ್ಯಾಂಡೇಟ್ ಹೋಲ್ಡರ್ ಮಾಡಿ, ಅಥವಾ ಪವರ್ ಆಫ್ ಅಟಾರ್ನಿ ಕೊಡಿ. ಹೊರಡೋ ಮುಂಚೆ ಮೈಸೂರಲ್ಲೇ ಬ್ರಾಂಚ್‌ಗೆ ಇಬ್ಬರೂ ಹೋಗಿ ಮುಗಿಸಿ. ಅಲ್ಲಿಗೆ ಹೋದ ಮೇಲೆ ಮಾಡಿಸೋದಾದ್ರೆ ಕಾನ್ಸುಲೇಟ್‌ಗೆ ಅಪಾಯಿಂಟ್‌ಮೆಂಟ್ ಹಿಡಿದು ಅಲೆಯೋದು ಆಗುತ್ತೆ. ಮ್ಯಾಂಡೇಟ್ ಇದ್ರೆ ಮನೆ ಕಂದಾಯ, ಮೇಂಟೆನೆನ್ಸ್, ಇಎಂಐ ತರಹದ ಸ್ಥಳೀಯ ಖರ್ಚು ಅವರು ಮಾಡಬಹುದು. ನಿಮ್ಮ ಹೆಸರಲ್ಲಿ ಯಾರಿಗೂ ಉಡುಗೊರೆ ಕೊಡೋ ಹಾಗಿಲ್ಲ.

ತಂದೆಯವರು ಬಂದು ಹೋಗೋದು ಬರೀ ಪ್ರವಾಸ, ಅವರ ಅಕೌಂಟ್ ಹಾಗೇ ಇರಲಿ, ಎನ್‌ಆರ್‌ಓ ಗೀನ್‌ಆರ್‌ಓ ಏನೂ ಬೇಡ. ಒಂದು ವಿಷಯ ಮೊದಲೇ ನೋಡ್ಕೊಳ್ಳಿ. ಷೆಂಗೆನ್ ವಿಸಿಟರ್ ವೀಸಾದಲ್ಲಿ 180 ದಿನದಲ್ಲಿ 90 ದಿನ ಮಾತ್ರ ಇರೋಕೆ ಆಗೋದು, ಆರು ತಿಂಗಳನ್ನ ಎರಡು ಸಲ ಮಾಡ್ಕೋಬೇಕಾಗುತ್ತೆ. ಪೆನ್ಷನ್ ಅಕೌಂಟ್‌ಗೆ ಬೀಳ್ತಾನೇ ಇರುತ್ತೆ, ಜೀವಿತ ಪ್ರಮಾಣಪತ್ರದ ತಿಂಗಳು ಮಾತ್ರ ಮರೀಬಾರದು. ಸಾಮಾನ್ಯವಾಗಿ ಅದು ನವೆಂಬರ್‌ನಲ್ಲಿರುತ್ತೆ, ಅವರ ಖಜಾನೆಯಲ್ಲಿ ಒಂದು ಸಲ ಕೇಳ್ಕೊಳ್ಳಿ. ಆ ತಿಂಗಳು ಅವರು ಮೈಸೂರಲ್ಲಿ ಇರೋ ಹಾಗೆ ಟಿಕೆಟ್ ಮಾಡಿಸಿದ್ರೆ ಯಾವ ತಲೆನೋವೂ ಇಲ್ಲ.