10 ಮೀಟರ್ ಏರ್ ಪಿಸ್ತೂಲು: ಎರಡು ಲಕ್ಷ ಕೊಡೋಕಿಂತ ಮುಂಚೆ ಏನೇನು ನೋಡ್ಬೇಕ್ರಿ?

ಬಿಸಿಲೂರು_ಅಪ್ಪ (ಕಲಬುರಗಿ)

ಎಲ್ಲರಿಗೂ ನಮಸ್ಕಾರ್ರಿ. ಮಗಳಿಗಿ 15 ವರ್ಷ, ಕ್ಲಬ್ಬಿನ ಪಿಸ್ತೂಲಿನ್ಯಾಗ 60 ಗುಂಡಿಗಿ 600ಕ್ಕ 540ರ ಹತ್ರ ಬರ್ತದ. ಈಗ ಸ್ವಂತದ್ದು ತಗೋಬೇಕು. ನಮ್ಮ ಮುಂದ ಎರಡು ಅವ. ಒಂದು ಹೊಸದು, ಸ್ಟೇಯರ್ ಎಲ್‌ಪಿ10, ಮೆಕ್ಯಾನಿಕಲ್ ಟ್ರಿಗರ್. ಇನ್ನೊಂದು ಮೊರಿನಿ ಸಿಎಂ 162ಇಐ, ಎಲೆಕ್ಟ್ರಾನಿಕ್ ಟ್ರಿಗರ್, ಸೆಕೆಂಡ್ ಹ್ಯಾಂಡ್. ಹೈದರಾಬಾದಿಗಿ ಹೋಗಿ ಕೈಯಾಗ ಹಿಡಿದು ನೋಡಬಹುದು ಅಂದಾರ.

ಕೇಳೋದು ಮೂರು: ಯಾವುದು ಒಳ್ಳೇದು? ಹೋದಾಗ ಏನು ಪರೀಕ್ಷೆ ಮಾಡ್ಬೇಕು? ಇಷ್ಟು ರೊಕ್ಕ ಹಾಕಿದ ಮ್ಯಾಲ ಹೊಲದ ಮನಿ ಕಾವಲಿಗಿ, ಮಂಗ ಓಡ್ಸಾಕ ಅದೇ ಪಿಸ್ತೂಲು ನಡೀತದೇನು?

ಬಿದ್ರಿ_10ಮೀ (ಬೀದರ್)

ಮೂರನೇದಕ್ಕ ಮೊದಲು ಉತ್ತರ: ನಡೆಯಂಗಿಲ್ರಿ. ಇದು ಒಂದೊಂದೇ ಪೆಲೆಟ್ (ಸಣ್ಣ ಸೀಸದ ಗುಂಡು) ಹಾಕಿ ಹೊಡೆಯೋ ಯಂತ್ರ. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 150 ಮೀಟರ್ ವೇಗದಾಗ ಹೋದ್ರ ಶಕ್ತಿ ಬರೋದು ಸುಮಾರು 6 ಜೂಲ್. ಕಳ್ಳನ್ನ ತಡೆಯಂಗಿಲ್ಲ, ಮಂಗನ್ನ ಗಾಯ ಮಾಡ್ತದ, ಅದು ಬ್ಯಾರೆ ಕೇಸು. 4.5 ಮಿಮೀ, 20 ಜೂಲಿನ ಒಳಗಿನ ಏರ್ ಪಿಸ್ತೂಲಿಗೆ ಪರವಾನಗಿ ಬೇಕಾಗಿಲ್ಲ, ಅಷ್ಟೇ. ಬಿಲ್ಲು, ಗುರುತಿನ ಚೀಟಿ ನಕಲು ಪೆಟ್ಟಿಗ್ಯಾಗೇ ಇಡ್ರಿ, ರೈಲಿನ್ಯಾಗ ಯಾರರೆ ಕೇಳಿದ್ರ ತೋರಿಸಾಕ ಬೇಕು.

ಮುಂದ 25 ಮೀಟರಿಗೆ ಹೋಗ್ತಾಳಂದ್ರ ಅದು .22 ಪಿಸ್ತೂಲು, ಪರವಾನಗಿ ಇಲ್ದ ಸ್ವಂತದ್ದು ಇಟ್ಕೊಳ್ಳಂಗಿಲ್ಲ. ಅಳತೀನೂ ಬ್ಯಾರೆ: 10 ಮೀಟರಿನ್ಯಾಗ ಟ್ರಿಗರ್ ಎಳೆಯೋ ಭಾರ ಕನಿಷ್ಠ 500 ಗ್ರಾಂ, ಪಿಸ್ತೂಲು ಗರಿಷ್ಠ 1500 ಗ್ರಾಂ, 420x200x50 ಮಿಮೀ ಅಳತಿ ಪೆಟ್ಟಿಗ್ಯಾಗ ಕೂಡ್ಬೇಕು. 25 ಮೀಟರ್ ಸ್ಪೋರ್ಟ್ಸ್ ಪಿಸ್ತೂಲಿಗೆ ಟ್ರಿಗರ್ 1000 ಗ್ರಾಂ, ತೂಕ 1400 ಗ್ರಾಂ, ಪೆಟ್ಟಿಗಿ 300x150x50. ಒಂದೇ ಪಿಸ್ತೂಲಿನ್ಯಾಗ ಎರಡೂ ಆಟ ಆಗಂಗಿಲ್ಲ.

ಈಗ ಯಾವುದು ಅಂದ್ರ, ಹೆಸರು ಆಮ್ಯಾಲ ನೋಡ್ರಿ. ಸ್ಟೇಯರ್, ಮೊರಿನಿ, ಫೈನ್‌ವರ್ಕ್‌ಬೌ, ವಾಲ್ಥರ್, ಪಾರ್ಡಿನಿ ಯಾವುದೇ ಇರಲಿ, 540 ಹೊಡೆಯೋ ಹುಡುಗಿಗಿಂತ ಪಿಸ್ತೂಲು ಭಾಳ ಮುಂದ ಅದ. ಮೊದಲು ಗ್ರಿಪ್ (ಕಟ್ಟಿಗಿ ಹಿಡಿಕಿ) ಕೈಗೆ ಕೂಡ್ಬೇಕು. ಅಂಗಡಿಯವ್ರು ಮೀಡಿಯಂ ಕೈಗೆ ಕೊಡ್ತಾರ. ನಿಮ್ಮ ಮಗಳಿಗಿ ಸ್ಮಾಲ್ ಬೇಕಾಗಬಹುದು, ಅದನ್ನೂ ತರಿಸಿ ಇಡ್ರಿ ಅಂತ ಮೊದಲೇ ಹೇಳ್ರಿ.

ಪರೀಕ್ಷೆ ಹಿಂಗ ಮಾಡ್ರಿ. ಪಿಸ್ತೂಲು ಹಿಡಿದು ಟಾರ್ಗೆಟ್ ಕಡೆ ನಿಂತು ಕಣ್ಣು ಮುಚ್ಚಿ ಕೈ ಎತ್ತಬೇಕು, ಎರಡು ಉಸಿರು ನಿಂತು ಕಣ್ಣು ತೆರೀಬೇಕು. ಮುಂದಿನ ಸೈಟು ಹಿಂದಿನ ಸೈಟಿನ ಸೀಳಿನ ನಡುವ, ಮೇಲಂಚು ಸಮ ಇರಬೇಕು. ಹತ್ತು ಸಲ ಮಾಡ್ರಿ. ಹತ್ತರಾಗ ಏಳೆಂಟು ಸಲ ಒಂದೇ ಕಡೆ ವಾಲಿದ್ರ ತಪ್ಪು ಗ್ರಿಪ್ಪಿನದು, ಮಣಿಕಟ್ಟು ತಿರುವಿ ಸರಿ ಮಾಡೋದು ಕಲಿಸಬ್ಯಾಡ್ರಿ. ಬೆರಳಿನ ಮೊದಲ ಗಂಟಿನ ಮುಂದಿನ ಮೆತ್ತನೆ ಭಾಗ ಟ್ರಿಗರ್ ಮ್ಯಾಲ ಕೂಡ್ಬೇಕು, ಬೆರಳಿನ ಬದಿ ಕಟ್ಟಿಗಿಗೆ ತಾಗಬಾರ್ದು. ತಾಗಿದ್ರ ಎಳೆದಾಗೆಲ್ಲ ಮೂತಿ ಪಕ್ಕಕ್ಕ ಹೋಗ್ತದ. ಕೈಯ ಕೆಳಗಿನ ಪಾಮ್ ಶೆಲ್ಫ್ (ಅಂಗೈ ಊರೋ ಹಲಗಿ) ಬಿಗಿ ಒತ್ತಿ ಇಡಬ್ಯಾಡ್ರಿ, 2-3 ಮಿಮೀ ಸಡಿಲ ಇರಲಿ. ಮೇ ತಿಂಗಳಾಗ ನಮ್ಮ ಕಡೆ 42 ಡಿಗ್ರಿಗಿ ಕೈ ಊದ್ತದ, ಜನವರ್ಯಾಗ ಬಿಗಿ ಮಾಡಿದ್ದು ಆಗ ಕಚ್ಚತದ.

ಭೀಮಾ_ತೀರ (ಯಾದಗಿರಿ)

ಮೇಲಿನವರು ಗ್ರಿಪ್ ಬಗ್ಗೆ ಸರಿಯಾಗಿ ಹೇಳಿದ್ದಾರೆ. ನಾನು ಯಂತ್ರದ ಭಾಗಕ್ಕೆ ಬರುತ್ತೇನೆ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಮೊರಿನಿಯ ಬಗ್ಗೆ.

ಮೊದಲು ಪಿಸ್ತೂಲಿಗೆ ಗಾಳಿ ಕೊಡುವ ಸಿಲಿಂಡರಿನ ಮೇಲೆ ಕೊರೆದಿರುವ ತಾರೀಖು ಓದಿ. ತಯಾರಿಕೆಯಿಂದ 10 ವರ್ಷ ಆದಮೇಲೆ ಅದು ಸ್ಪರ್ಧೆಗೆ ಹೋಗದು. ಎರಡು ಸಿಲಿಂಡರ್ ಕೊಡುತ್ತೇವೆ ಎಂದರೆ ಎರಡರದ್ದೂ ನೋಡಿ. ತಾರೀಖು ಮುಗಿದ ಸಿಲಿಂಡರ್ ಜೊತೆ ಬಂದ ಪಿಸ್ತೂಲು ಎಷ್ಟೇ ಅಗ್ಗವಾದರೂ ಹೊಸ ಸಿಲಿಂಡರಿನ ಬೆಲೆ ಕೂಡಿಸಿಕೊಂಡೇ ಲೆಕ್ಕ ಹಾಕಿ.

ಆಮೇಲೆ ಸೋರಿಕೆ. 200 ಬಾರ್ (ಬಾರ್ ಅಂದರೆ ಗಾಳಿ ಒತ್ತಡದ ಅಳತೆ) ತುಂಬಿಸಿ ಒಂದು ತಾಸು ಬಿಡಿ, ತುಂಬುವಾಗಿನ ಬಿಸಿ ಇಳಿಯಲಿ. ಆಗ ಮುಳ್ಳು ಎಲ್ಲಿದೆ ಬರೆದಿಟ್ಟುಕೊಳ್ಳಿ. ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿ. ಮಧ್ಯಾಹ್ನದ 40 ಡಿಗ್ರಿಯಲ್ಲಿ 200 ಇದ್ದದ್ದು ಬೆಳಗಿನ 25 ಡಿಗ್ರಿಗೆ 190ರ ಹತ್ತಿರ ಬರುತ್ತದೆ, ಅದು ಸೋರಿಕೆಯಲ್ಲ. ಒಂದೇ ಬಿಸಿಯಲ್ಲಿ ಇಳಿದರೆ ಮಾತ್ರ ಅನುಮಾನ. ಸಿಲಿಂಡರ್ ಬಿಚ್ಚಿ ಅದರ ಬಾಯಿ ಬಕೆಟ್ ನೀರಿನಲ್ಲಿ ಹಿಡಿದರೆ ಗುಳ್ಳೆ ಹೇಳುತ್ತದೆ. ಅಲ್ಲಿ ಗುಳ್ಳೆ ಇಲ್ಲದೆ, ಪಿಸ್ತೂಲಿಗೆ ಹಾಕಿದಾಗ ಮಾತ್ರ ಗಾಳಿ ಹೋಗುತ್ತಿದ್ದರೆ ತಪ್ಪು ಪಿಸ್ತೂಲಿನ ಕಡೆಯ ಒ-ರಿಂಗ್ (ರಬ್ಬರ್ ಉಂಗುರ) ಅಥವಾ ಸೀಲಿನದು.

ಪ್ರತಿ ಗುಂಡಿಗೂ ಗಾಳಿಯ ಒತ್ತಡ ಒಂದೇ ಸಮ ಇಡುವ ರೆಗ್ಯುಲೇಟರಿನ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಹಣ ಮುಳುಗುವುದೇ ಅಲ್ಲಿ. ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಇಟ್ಟು 20 ಗುಂಡು ಹೊಡೆಸಿ, ವೇಗ ಬರೆಯಿರಿ. ಗರಿಷ್ಠ-ಕನಿಷ್ಠದ ಅಂತರ ಸೆಕೆಂಡಿಗೆ ನಾಲ್ಕೈದು ಮೀಟರಿನೊಳಗಿದ್ದರೆ ನೆಮ್ಮದಿ. ಆಮೇಲೆ 15 ನಿಮಿಷ ಮುಟ್ಟದೆ ಬಿಟ್ಟು ಒಂದು ಗುಂಡು ಹೊಡೆಯಿರಿ. ಆ ಮೊದಲ ಗುಂಡು ಮಾತ್ರ ಜಿಗಿದು ವೇಗವಾಗಿ ಹೋಗಿ ಮುಂದಿನವು ಹಳೆಯ ಮಟ್ಟಕ್ಕೆ ಬಂದರೆ ರೆಗ್ಯುಲೇಟರಿನೊಳಗಿನ ಸೀಲು ಸವೆದು ಒತ್ತಡ ನಿಧಾನಕ್ಕೆ ಏರುತ್ತಿದೆ ಎಂದರ್ಥ. ಮಾರುವವರು “ಮೊದಲ ಗುಂಡು ಹಂಗೇ ಬರ್ತದ” ಅನ್ನುತ್ತಾರೆ. ಒಪ್ಪಬೇಡಿ. ಇಡೀ ಪರೀಕ್ಷೆಯನ್ನು ತುಂಬಿದ ಸಿಲಿಂಡರಿನಲ್ಲಿ ಒಮ್ಮೆ, 80 ಬಾರ್ ಹತ್ತಿರ ಒಮ್ಮೆ ಮಾಡಿ.

ಟ್ರಿಗರ್: ಮೂತಿ ಮೇಲಕ್ಕೆ ನೆಟ್ಟಗೆ ಹಿಡಿದು, 500 ಗ್ರಾಂ ತೂಕವನ್ನು ಟ್ರಿಗರಿಗೆ ನೇತುಹಾಕಿ ಎತ್ತಬೇಕು. ಬಿಡುಗಡೆ ಆಗಬಾರದು. ಗಾಳಿ ಇರುವ ಸಿಲಿಂಡರ್ ಹಾಕಿಯೇ ಪರೀಕ್ಷಿಸಿ, ಸ್ಪರ್ಧೆಯಲ್ಲೂ ಹಾಗೇ ನೋಡುತ್ತಾರೆ. ಮನೆಯಲ್ಲಿ 510-520ಕ್ಕೆ ಇಟ್ಟುಕೊಳ್ಳಿ. ಸರಿಯಾಗಿ 500ಕ್ಕೆ ಇಟ್ಟರೆ ಸ್ಕ್ರೂ ಕೂದಲೆಳೆ ತಿರುಗಿದರೂ ತಪಾಸಣೆ ಮೇಜಿನ ಮುಂದೆ ಬೆವರಬೇಕಾಗುತ್ತದೆ.

ಎಲೆಕ್ಟ್ರಾನಿಕ್ ಟ್ರಿಗರಿನ ಬಿಡುಗಡೆ ಸಣ್ಣಗೆ, ಗಾಜಿನ ಕಡ್ಡಿ ಮುರಿದಂತೆ, ಪ್ರತಿಸಲ ಒಂದೇ ತರಹ. ಅದರ ರುಚಿ ಹತ್ತಿದವರು ಮೆಕ್ಯಾನಿಕಲ್ಲಿಗೆ ಮರಳುವುದು ಕಡಿಮೆ. ಆದರೆ ಬ್ಯಾಟರಿ, ಸರ್ಕ್ಯೂಟ್ ಬೋರ್ಡ್ ಎರಡನ್ನೂ ನಂಬಬೇಕು. ಟೋಕಿಯೊ ಒಲಿಂಪಿಕ್ಸ್ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟು ಕಳೆದ ನಿಮಿಷಗಳು ವಾಪಸ್ ಸಿಗಲಿಲ್ಲ, 575 ಹೊಡೆದರೂ ಫೈನಲ್ ತಪ್ಪಿತು. ಪ್ಯಾರಿಸ್‌ನಲ್ಲಿ 2024ರಲ್ಲಿ ಇದೇ 10 ಮೀಟರಿನಲ್ಲಿ ಕಂಚು ಗೆದ್ದರು. ಎಷ್ಟು ದೊಡ್ಡ ಶೂಟರ್ ಆದರೂ ಯಂತ್ರ ನಿಂತರೆ ಗಡಿಯಾರ ನಿಲ್ಲದು. ನಮ್ಮ ಕಡೆ ರಿಪೇರಿಗೆ ಹೈದರಾಬಾದೇ ಗತಿ, ಅಲ್ಲಿಂದ ಮುಂದೆ ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕು. ಹಾಗಾಗಿ ಮೊದಲ ಪಿಸ್ತೂಲಿಗೆ ನನ್ನ ಮತ ಮೆಕ್ಯಾನಿಕಲ್ಲಿಗೆ.

ಬಿಸಿಲೂರು_ಅಪ್ಪ (ಕಲಬುರಗಿ)

ಭಾಳ ಉಪಕಾರ ಆಯ್ತ್ರಿ. ಇನ್ನೆರಡು. ಕೈ ಪಂಪಿನ್ಯಾಗ ಗಾಳಿ ಹೊಡೆಯೋದು ಮಗಳಿಗಿ ಆಗಂಗಿಲ್ಲ, ಗ್ಯಾಸ್ ವೆಲ್ಡಿಂಗ್ ಅಂಗಡ್ಯಾಗ ತುಂಬಿಸಿಕೊಳ್ರಿ ಅಂತ ಒಬ್ರು ಅಂದ್ರು. ಮತ್ತ ಪೆಲೆಟ್ ಯಾವ ಸೈಜು?

ಬಿದ್ರಿ_10ಮೀ (ಬೀದರ್)

ಅಣ್ಣಾ, ವೆಲ್ಡಿಂಗ್ ಅಂಗಡಿ ಮಾತು ಇಲ್ಲಿಗೇ ಬಿಡ್ರಿ! ಅಲ್ಲಿರೋದು ಆಕ್ಸಿಜನ್. ಅಷ್ಟು ಒತ್ತಡದಾಗ ಆಕ್ಸಿಜನ್ನಿಗೆ ಒಂದು ಹನಿ ಎಣ್ಣಿ, ಗ್ರೀಸು ತಾಗಿದ್ರ ಸಾಕು, ಹೊತ್ತಿ ಸಿಡೀತದ. ಮುಖದ ಮುಂದ ಹಿಡಿಯೋ ಸಾಮಾನದು. ಬರೇ ಉಸಿರಾಡೋ ಒಣ ಗಾಳಿ, ಸ್ಕೂಬಾ ಸಿಲಿಂಡರಿನಿಂದ ಅಥವಾ ಕೈ ಪಂಪಿನಿಂದ. ಪಂಪಿಗೆ ಹೊಲಿಗಿ ಮಷಿನ್ನಿನ ಎಣ್ಣಿನೂ ಹಾಕಬ್ಯಾಡ್ರಿ, ಒ-ರಿಂಗಿಗೆ ಸಿಲಿಕೋನ್ ಗ್ರೀಸು ಒರೆಸಿದಷ್ಟು ಮಾತ್ರ.

ಕೈ ಪಂಪಂದ್ರ ಪೂರ್ತಿ ಖಾಲಿ ಆಗಾಕ ಬಿಡಬ್ಯಾಡ್ರಿ, 100 ಬಾರಿಗೆ ಬಂದಾಗೇ ಮ್ಯಾಲ ಹಾಕ್ರಿ. ಐದು ನಿಮಿಷ ಹೊಡೆದು ಹತ್ತು ನಿಮಿಷ ಬಿಡ್ರಿ. ಬಿಸಿ ಪಂಪಿನ ಸೀಲು ಬೇಗ ಹೋಗ್ತದ. ಶ್ರಾವಣದಾಗ ಗಾಳ್ಯಾಗಿನ ನೀರಿನಂಶ ಪಂಪಿನ್ಯಾಗ ಕೂಡ್ತದ, ಬ್ಲೀಡ್ ಸ್ಕ್ರೂ ಮೇಲಿಂದ ಮ್ಯಾಲ ಬಿಚ್ಚಿ ಹೊರಗ ಹಾಕ್ರಿ. ಇಲ್ಲಂದ್ರ ಸಿಲಿಂಡರಿನ ಒಳಗ ಸೇರಿ ತುಕ್ಕು ಹಿಡಿಸ್ತದ.

ಕಾರಿನ್ಯಾಗ ಬಿಟ್ಟು ಹೋಗಬ್ಯಾಡ್ರಿ. 25 ಡಿಗ್ರಿಗಿ 200 ತುಂಬಿದ್ದು ಬಿಸಿಲಾಗ ನಿಂತ ಕಾರಿನ 60 ಡಿಗ್ರಿಗಿ 223 ದಾಟ್ತದ. ಬ್ಯಾಸಗ್ಯಾಗ 180ಕ್ಕ ನಿಲ್ಲಿಸೋದು ಶಾಣ್ಯಾತನ.

ಭೀಮಾ_ತೀರ (ಯಾದಗಿರಿ)

ಪೆಲೆಟ್ ವಿಚಾರಕ್ಕೆ ಜನ ತಲೆ ಕೆಡಿಸಿಕೊಳ್ಳುವಷ್ಟು ಅಗತ್ಯವಿಲ್ಲ. 10ನೇ ವೃತ್ತದ ವ್ಯಾಸ 11.5 ಮಿಮೀ, ಪೆಲೆಟ್ಟಿನ ಅಂಚು ಗೆರೆಗೆ ತಾಗಿದರೂ 10. ಅಂದರೆ 4.5 ಮಿಮೀ ಪೆಲೆಟ್ಟಿನ ಕೇಂದ್ರ 8 ಮಿಮೀ ದೂರ ಇದ್ದರೂ ನಡೆಯುತ್ತದೆ. ಒಂದು ಪೆಲೆಟ್ 2.5 ಮಿಮೀ ಗುಂಪು (ಹೊಡೆದ ತೂತುಗಳ ಹರವು) ಕೊಟ್ಟು ಇನ್ನೊಂದು 3.5 ಕೊಟ್ಟರೆ 540ರ ಶೂಟರಿಗೆ ಅದರಿಂದ ಒಂದು ಅಂಕ ಹೆಚ್ಚು ಬರುವುದೂ ಕಷ್ಟ. ತಲೆಯ ಅಳತೆ 4.48, 4.49, 4.50 ಸಿಗುತ್ತವೆ. ಆರ್‌ಡಬ್ಲ್ಯೂಎಸ್ ಆರ್10, ಎಚ್ ಆ್ಯಂಡ್ ಎನ್ ಫಿನಾಲೆ ಮ್ಯಾಚ್ ಇವುಗಳಲ್ಲಿ ಒಂದೊಂದು ಡಬ್ಬಿ ತಂದು, ಪಿಸ್ತೂಲನ್ನು ರಬ್ಬರ್ ಹಾಕಿದ ವೈಸಿನಲ್ಲಿ (ಮೇಜಿಗೆ ಕಟ್ಟುವ ಇಕ್ಕಳ) ಗ್ರಿಪ್ ಕಟ್ಟುವ ಫ್ರೇಮಿನ ಹತ್ತಿರ ಹಿಡಿದು (ಬ್ಯಾರೆಲ್, ಸಿಲಿಂಡರ್ ಹಿಡಿದರೆ ಬಾಗುತ್ತದೆ) ಹತ್ತತ್ತು ಗುಂಡು ಹೊಡೆಯಿರಿ. ಪಿಸ್ತೂಲಿನ ಗುಂಪನ್ನು ಕೈಯಲ್ಲಿ ಹಿಡಿದು ಅಳೆಯುವುದು ವ್ಯರ್ಥ, ಅಳತೆ ಸಿಗುವುದು ಕೈಯ ನಡುಕಕ್ಕೆ. ಯಾವುದು ಚೆನ್ನಾಗಿ ಬಂತೋ ಅದರದ್ದೇ ಬ್ಯಾಚಿನ ಡಬ್ಬಿಗಳನ್ನು ಒಟ್ಟಿಗೆ ಕೊಳ್ಳಿ.

ಇನ್ನೊಂದು ಮಾತು, ಮನೆಯಲ್ಲಿ ಅಭ್ಯಾಸ ಮಾಡುವುದಾದರೆ. ಕಲಬುರಗಿಯ ಮನೆಗಳಲ್ಲಿ ಶಹಾಬಾದ್ ಕಲ್ಲು ನೆಲಕ್ಕೂ ಇದೆ, ಗೋಡೆಗೂ ಇದೆ. ತಪ್ಪಿದ ಸೀಸ ಅದಕ್ಕೆ ಬಡಿದರೆ ಚೂರಾಗಿ ಹಿಂದಕ್ಕೆ ಹಾರುತ್ತದೆ. ಪೆಲೆಟ್ ಹಿಡಿಯುವ ಡಬ್ಬಿ, ಅಂದರೆ ಟ್ರಾಪಿನ ಹಿಂದೆ ದಪ್ಪ ಕಂಬಳಿ ಸಡಿಲವಾಗಿ ನೇತುಹಾಕಿ, ಕಣ್ಣಿಗೆ ಕನ್ನಡಕ ಹಾಕಿಸಿ, ಟಾರ್ಗೆಟ್ ನಡುವನ್ನು ನೆಲದಿಂದ 1.40 ಮೀಟರಿಗೆ ಇಡಿ. ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆಯಲಿ, ಸೀಸದ ಪುಡಿ ಬೆರಳಿಗೆ ಅಂಟಿರುತ್ತದೆ.

ಬಿಸಿಲೂರು_ಅಪ್ಪ (ಕಲಬುರಗಿ)

ಆಯ್ತ್ರಿ. ಸ್ಮಾಲ್ ಗ್ರಿಪ್ ತರಿಸಿ ಇಡಾಕ ಹೇಳ್ತೀನಿ, ಕ್ರೋನೋಗ್ರಾಫ್ ಅವರ ಹತ್ರ ಅದ ಏನು ಅಂತನೂ ಕೇಳ್ತೀನಿ. ಇಲ್ಲಂದ್ರ ಬಾಡಿಗಿಗಿ ಯಾರರೆ ಕೊಡ್ತಾರೇನು?

ಬಿದ್ರಿ_10ಮೀ (ಬೀದರ್)

ಬಾಡಿಗಿ ಯಾಕ್ರಿ, ನಿಮ್ಮ ಕ್ಲಬ್ಬಿನ ಕೋಚ್ ಅವರ್ನ ಕೇಳ್ರಿ, ಅಲ್ಲೇ ಇರಬಹುದು. ಹೋಗೋ ದಿನ ಮಗಳ ಶೂಟಿಂಗ್ ಬೂಟು ಒಯ್ಯೋದು ಮರೀಬ್ಯಾಡ್ರಿ. ಚಪ್ಪಲಿ ಹಾಕಿ ಹಿಡಿದು ನೋಡಿದ್ರ ನಿಲುವೇ ಬ್ಯಾರೆ ಆಗ್ತದ, ಗ್ರಿಪ್ ಪರೀಕ್ಷೆ ಸುಳ್ಳು ಹೇಳ್ತದ.