ಕಂಠೀರವಕ್ಕೆ ಹಿಂದಿನ ದಿನವೇ ಹೋಗಬೇಕಾ? ಅನುಭವ ಇದ್ದವರು ಹೇಳಿ

ಮಂಡ್ಯದಿಂದ ಪ್ರಶ್ನೆ: ಮಗಳಿಗೆ 14 ವರ್ಷ. ಮುಂದಿನ ತಿಂಗಳು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 800 ಮೀಟರ್ ಓಟ ಇದೆ, ಭಾನುವಾರ ಬೆಳಿಗ್ಗೆ. ಇಲ್ಲಿವರೆಗೂ ಮಣ್ಣಿನ ಮೈದಾನದಲ್ಲೇ ಓಡಿದ್ದಾಳೆ. ಅವತ್ತೇ ಹೊರಟರೆ ಸಾಕಾ, ಹಿಂದಿನ ದಿನ ಹೋಗಿ ಉಳಿಯಬೇಕಾ?

ಮದ್ದೂರಿನ ಅಪ್ಪ: ಉಳಿದುಕೊಳ್ಳಿ ಸರ್, ದಯವಿಟ್ಟು. 2023ರಲ್ಲಿ ನಾನು ದುಡ್ಡು ಉಳಿಸೋಕೆ ಹೋಗಿ ಮಗನ ಓಟವನ್ನೇ ಕಳೆದೆ. ನಸುಕಿನ ಬಸ್ಸು ಹತ್ತಿ ಕೆಂಗೇರಿಯಲ್ಲಿ ಇಳಿದೆವು. ಕಬ್ಬನ್ ಪಾರ್ಕ್‌ಗೆ ನೇರ ಮೆಟ್ರೋ ಇದೆಯಲ್ಲ ಅಂತ ಧೈರ್ಯ. ಭಾನುವಾರ ಮೊದಲ ರೈಲು ಏಳಕ್ಕೆ ಅನ್ನೋದು ಶಟರ್ ಮುಂದೆ ನಿಂತಾಗ ಗೊತ್ತಾಯಿತು. ಆಟೋದವರು 600 ಕೇಳಿದರು. ಚೌಕಾಸಿ ಮಾಡಿ 480ಕ್ಕೆ ಒಪ್ಪಿಸೋದರಲ್ಲೇ ಹತ್ತು ನಿಮಿಷ ಹೋಯಿತು. ನಾವು ತಲುಪೋ ಹೊತ್ತಿಗೆ, ಓಟಕ್ಕೆ ಮುಂಚೆ ಹಾಜರಿ ತಗೊಳ್ಳೋ ಕಾಲ್ ರೂಮ್‌ನಲ್ಲಿ ಅವನ ಹೆಸರು ಕೂಗಿ ಆಗಿತ್ತು. ಎದೆ ಮೇಲಿನ ನಂಬರ್ ತೆಗೆಯದೆ ಗ್ಯಾಲರಿಯಲ್ಲಿ ಕೂತಿದ್ದ. ಮನೆಗೆ ಬಂದ ಮೇಲೂ ನಾಲ್ಕು ಸೇಫ್ಟಿ ಪಿನ್ ಹಾಗೇ ಇದ್ದವು. ಆ 120 ರೂಪಾಯಿ ಇವತ್ತಿಗೂ ಚುಚ್ಚುತ್ತದೆ.

ಶ್ರೀರಂಗಪಟ್ಟಣದ ಅಮ್ಮ: ಉಳಿದರೆ ಎಲ್ಲ ಸರಿ ಹೋಗುತ್ತೆ ಅನ್ನೋದು ಸುಳ್ಳು. ನಾವು ಉಳಿದವರೇ. ರೂಮಿಗೆ 1,800, ಊಟ ತಿಂಡಿಗೆ 610, ಆಟೋಗೆ 340. ಶಕ್ತಿ ಯೋಜನೆ ಇರೋದರಿಂದ ನನಗೂ ಮಗಳಿಗೂ ಬಸ್ ಚಾರ್ಜ್ ಬೀಳಲಿಲ್ಲ, ಅದೊಂದೇ ಉಳಿತಾಯ. ರಾತ್ರಿಯೆಲ್ಲ ಪಕ್ಕದ ಛತ್ರದ ವಾಲಗ, ಹುಡುಗಿಗೆ ನಿದ್ದೆ ಇಲ್ಲ. ಬೆಳಿಗ್ಗೆ ನೋಡಿದರೆ ಅವಳ ಓಟದ ಶೂ, ಅಂದರೆ ಸ್ಪೈಕ್ಸ್‌ನಲ್ಲಿ ಮಣ್ಣಿಗೆ ಹಾಕೋ ಉದ್ದದ ಪಿನ್ನು! ಕಂಠೀರವದಂಥ ಸಿಂಥೆಟಿಕ್ (ರಬ್ಬರಿನಂಥ) ಟ್ರ್ಯಾಕ್ ಮೇಲೆ ಓಟಕ್ಕೆ 9 ಮಿ.ಮೀ.ಗಿಂತ ಉದ್ದ ಇರಬಾರದು. ಬೇರೆ ಹುಡುಗಿಯಿಂದ ಪಿನ್ನು ಬಿಚ್ಚೋ ಕೀಲಿ ಇಸ್ಕೊಂಡು ತಿರುಗಿಸಿದೆವು. ಎಡಗಾಲಿನ ಒಂದು ಪಿನ್ನು ತುಕ್ಕು ಹಿಡಿದು ಕದಲಲೇ ಇಲ್ಲ. ತಲೆಗೆ ಹಚ್ಚೋಕೆ ತಂದಿದ್ದ ಕೊಬ್ಬರಿ ಎಣ್ಣೆ ಬಿಟ್ಟೆ, ಬೆರಳು ಕೆಂಪಾಗೋ ತನಕ ತಿರುಗಿಸಿದೆ. ಕೊನೆಗೆ ಒಂದು ಸೈಜ್ ದೊಡ್ಡ ಶೂನಲ್ಲಿ ಓಡಿ ಆರನೆಯವಳಾದಳು. ನನ್ನ ಮಗಳು ಓಡಿದಳು ಅನ್ನೋದೇ ನನಗೆ ಹೆಮ್ಮೆ.

ಹುಣಸೂರಿನ ಹುಡುಗ: ರೂಮು, ಆಟೋ ಬಿಡಿ ಅಕ್ಕ. ಮಣ್ಣಿನಲ್ಲಿ ಓಡಿದವರಿಗೆ ಪೆಟ್ಟು ಬೀಳೋದು ಲೇನ್‌ನಲ್ಲಿ. 800ರಲ್ಲಿ ಮೊದಲ ತಿರುವು ಮುಗಿಯೋವರೆಗೂ ನಮ್ಮ ಲೇನ್ ಬಿಡಬಾರದು. ಹಸಿರು ಗೆರೆ ದಾಟಿದ ಮೇಲೆ ಒಳಗೆ ಬರಬೇಕು. ನಾನು ಊರಿನ ಅಭ್ಯಾಸದಲ್ಲಿ ಮೊದಲೇ ನುಗ್ಗಿದೆ. ಎರಡನೆಯವನಾಗಿ ಮುಗಿಸಿದೆ, ಪಟ್ಟಿಯಲ್ಲಿ ಹೆಸರೇ ಇಲ್ಲ. ಆಮೇಲೆ ಎಂಟು ತಿಂಗಳು ಮೈಸೂರಿನ ಚಾಮುಂಡಿ ವಿಹಾರದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಬರೀ ಆ ಮೊದಲ ನೂರು ಮೀಟರ್ ಓಡಿ ತಿದ್ದಿಕೊಂಡೆ.

ಜಯಲಕ್ಷ್ಮೀಪುರಂ ವಾಸಿ: ಸುಮ್ನೆ ಹೆದರಿಸ್ತೀರಲ್ಲ. 2025ರ ಜುಲೈ 5ಕ್ಕೆ ಕಂಠೀರವದಲ್ಲೇ ನೀರಜ್ ಚೋಪ್ರಾ ಕ್ಲಾಸಿಕ್ ನೋಡಿದೆವು. ನೀರಜ್ ಜಾವೆಲಿನ್ 86.18 ಮೀಟರ್ ಎಸೆದು ಗೆದ್ದರು. ಮೈಸೂರಿಂದ ಹೋಗಿ ಅವತ್ತೇ ರಾತ್ರಿ ವಾಪಸ್. 2023ರಲ್ಲಿ ಸ್ಯಾಫ್ ಫುಟ್‌ಬಾಲ್ ಫೈನಲ್‌ಗೂ ಹಾಗೇ. ಕುವೈತ್ ವಿರುದ್ಧ ಪೆನಾಲ್ಟಿಯಲ್ಲಿ ಭಾರತಕ್ಕೆ 5-4 ಗೆಲುವು, ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಕೊನೆಯದನ್ನು ತಡೆದಾಗ ಗಂಟಲೇ ಹೋಯಿತು. ಸುತ್ತ ಆ ಟ್ರ್ಯಾಕ್ ಇಲ್ಲದಿದ್ದರೆ ಇನ್ನೂ ಹತ್ತಿರದಿಂದ ನೋಡಬಹುದಿತ್ತು.

ಮದ್ದೂರಿನ ಅಪ್ಪ: ಸರ್, ನೋಡೋಕೆ ಹೋಗೋದೇ ಬೇರೆ, ಓಡೋಕೆ ಹೋಗೋದೇ ಬೇರೆ. ಹತ್ತು ನಿಮಿಷ ತಡವಾದರೆ ನಿಮಗೆ ಹೋಗೋದು ಒಂದು ಗೋಲು. ನನ್ನ ಮಗನಿಗೆ ಒಂದು ವರ್ಷ ಹೋಯಿತು.

ಹುಣಸೂರಿನ ಹುಡುಗ: ಟ್ರ್ಯಾಕ್ ಇಲ್ಲದಿದ್ದರೆ ಅಂದರೆ ಏನರ್ಥ? ನಾವು ರಸ್ತೆಯಲ್ಲಿ ಓಡಬೇಕಾ?

ಜಯಲಕ್ಷ್ಮೀಪುರಂ ವಾಸಿ: ಕಿತ್ತುಹಾಕಿ ಅಂದೆನಾ ನಾನು? ಟಿಕೆಟ್ ತಗೊಂಡು ಕೂತವರಿಗೂ ಆಟ ಕಾಣಬೇಕು ಅಲ್ವಾ?

ಶ್ರೀರಂಗಪಟ್ಟಣದ ಅಮ್ಮ: ಜಗಳ ಆಮೇಲೆ ಆಡಿ. ಮಂಡ್ಯದವರೇ, ಆ ಪಿನ್ನು ಇವತ್ತೇ ಬಿಚ್ಚಿ ನೋಡಿ.